ಸೊಸೆಯದು ಜಾಣಕಿವುಡಲ್ಲ

ಮನೆಯಲ್ಲಿ ಒಬ್ಬರನ್ನು ಕರೆಯುತ್ತೀರಿ. ಅವರು ತಿರುಗಿಯೂ ನೋಡುವುದಿಲ್ಲ. ಆಗ ನಿಮ್ಮ ಮನಸ್ಸಿಗೆ ಮೊದಲು ಬರುವುದೇನು? ಪಾಪ, ಕೇಳಿಸಲಿಲ್ಲವೇನೋ ಎಂದೇ? ಇಲ್ಲ ಬಿಡಿ. ಎಷ್ಟು ಸೊಕ್ಕು ಎಂದೇ ಬರುತ್ತದೆ. ನನಗೂ ಹಾಗೇ. ನಮ್ಮ ಪಕ್ಕದ ಮನೆಯ ಅತ್ತೆಗಂತೂ ವರ್ಷಗಟ್ಟಲೆ ಹಾಗೇ ಅನ್ನಿಸಿತ್ತು. ತಮ್ಮ ಸೊಸೆಗೆ ಅವರು ಒಂದು ಹೆಸರನ್ನೂ ಇಟ್ಟಿದ್ದರು, ಜಾಣಕಿವುಡಿ ಎಂದು.

ಆ ಮನೆಯಲ್ಲಿ ನಾಲ್ಕು ಜನ. ಅತ್ತೆ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಮಗ ಮನೆಯ ಮುಂದಿನ ಕೋಣೆಯಲ್ಲೇ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಾನೆ. ಸೊಸೆ ಹಿಂದಿನ ಬೀದಿಯ ಮಗ್ಗದ ಶೆಡ್ಡಿನಲ್ಲಿ ನೇಯುತ್ತಾಳೆ. ಕೈಮಗ್ಗವಲ್ಲ, ಕರೆಂಟಿನ ಮಗ್ಗ. ಎಲ್ಲ ಮಗ್ಗಗಳೂ ಒಟ್ಟಿಗೆ ಓಡಿದರೆ ಕಾಲ ಕೆಳಗಿನ ನೆಲ ನಡುಗುತ್ತದೆ. ಅಲ್ಲಿ ಮಾತಾಡುವುದು ಎಂದರೆ ಕೂಗುವುದು ಎಂದೇ ಅರ್ಥ.

ಮಗಳು ಹುಟ್ಟಿದ ಮೇಲೆ ಸೊಸೆಯ ಕಿವಿಯೊಳಗೆ ಒಂದು ಸದ್ದು ಶುರುವಾಯಿತು. ಯಾರೋ ಒಂದು ಮಗ್ಗವನ್ನು ನಿಲ್ಲಿಸುವುದು ಮರೆತು ಮನೆಗೆ ಹೋದ ಹಾಗೆ ಸದಾ ಗುಂಯ್ ಎನ್ನುತ್ತಿತ್ತು. ಶೆಡ್ಡಿನಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ದಿಂಬಿಗೆ ತಲೆ ಕೊಟ್ಟರೆ ಸಾಕು, ಅದರದೇ ಕಾರುಬಾರು. ಬರಬರುತ್ತಾ ಮನೆಯವರ ಮಾತೂ ಮಸುಕಾಗತೊಡಗಿತು. ಅವಳು ಶೆಡ್ಡಿನ ಮೇಸ್ತ್ರಿಗೆ ಹೇಳಿಕೊಂಡಳು.

“ಶೆಡ್ಡಿನ ಸದ್ದು ಎಲ್ಲರ ತಲೇಲೂ ಇರುತ್ತಮ್ಮಾ. ನಾಲ್ಕು ದಿನ ರಜಾ ಹಾಕು, ತಾನಾಗೇ ಹೋಗುತ್ತೆ” ಎಂದರು ಮೇಸ್ತ್ರಿ.

ರಜಾ ಹಾಕಿದಳು. ರಜಾ ಮುಗಿಯಿತು, ಸದ್ದು ಮುಗಿಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದರು. ಬಲಗೈ ಕೆಳಗೆ ಸಿಕ್ಕಿಕೊಂಡಿತು. ಮುಂದಿನ ಕೋಣೆಯಲ್ಲಿ ಮಗ ಮಿಕ್ಸಿ ಓಡಿಸುತ್ತಿದ್ದ, ಅವನಿಗೆ ಕೇಳಿಸುವ ಹಾಗಿರಲಿಲ್ಲ. ಸೊಸೆ ಮಾತ್ರ ಬಚ್ಚಲಿನ ಪಕ್ಕದ ಕೋಣೆಯಲ್ಲೇ ಕುಳಿತು ಒಣಗಿದ ಬಟ್ಟೆ ಮಡಚುತ್ತಿದ್ದಳು. ನೋವಿನಲ್ಲಿ ದನಿ ಏಳದೆ ಅತ್ತೆ ಕರೆದರು. ಮತ್ತೆ ಮತ್ತೆ ಕರೆದರು. ಯಾರೂ ಬರಲಿಲ್ಲ. ಕೊನೆಗೆ ಮಗ ನೀರು ಕುಡಿಯಲು ಒಳಗೆ ಬಂದಾಗ ತಾಯಿ ನರಳುವುದು ಕೇಳಿಸಿ ಬಾಗಿಲು ತಳ್ಳಿದ. ಮಣಿಕಟ್ಟಿನ ಮೂಳೆ ಮುರಿದಿತ್ತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅತ್ತೆ ಮಂಚದ ಮೇಲೆ ಕುಳಿತು ಮಗನಿಗೆ ಹೇಳಿದರು. “ಒಂದೇ ಗೋಡೆ ಆಚೆ ಕೂತಿದ್ದಳಪ್ಪಾ. ಒಂದೇ ಗೋಡೆ.”

“ನಂಗೆ ನಿಜವಾಗ್ಲೂ ಕೇಳಿಸ್ಲಿಲ್ಲ ಅತ್ತೆ” ಎಂದಳು ಸೊಸೆ. ದನಿ ಎಂದಿನ ಹಾಗೆ ತೀರಾ ಮೆತ್ತಗಿತ್ತು.

“ನೋಡು, ಎಷ್ಟು ತಣ್ಣಗೆ ಹೇಳ್ತಾಳೆ. ನಾನು ಇವಳ ಶೆಡ್ಡಿಗೆ ಹೋಗಿಲ್ವಾ? ಕಣ್ಣಾರೆ ನೋಡಿಲ್ವಾ? ಅಷ್ಟು ಗದ್ದಲದಲ್ಲಿ ಆ ಮೂಲೆಯಿಂದ ಈ ಮೂಲೆಗೆ ಉತ್ತರ ಕೊಡ್ತಾಳೆ. ಅಲ್ಲಿ ಕೇಳೋ ಕಿವಿ ಇಲ್ಲಿ ಕೇಳಲ್ಲ ಅಂದ್ರೆ ಏನರ್ಥ?”

ಮಗ ಹೆಂಡತಿಯ ಮುಖ ನೋಡಿದ, ತಾಯಿಯ ಕೈ ನೋಡಿದ, ಸ್ಕ್ರೂಡ್ರೈವರ್ ಹಿಡಿದು ಮುಂದಿನ ಕೋಣೆಗೆ ಹೋಗಿಬಿಟ್ಟ. ಇಂಥ ಗಂಡಸರನ್ನು ನೀವೂ ಕಂಡಿರುತ್ತೀರಿ. ಗಂಡ ಒಂದು ಮಾತು ಬೈದಿದ್ದರೂ ಸೊಸೆಗೆ ಅಷ್ಟು ನೋವಾಗುತ್ತಿರಲಿಲ್ಲ. ಬಿದ್ದ ಮುದುಕಿಯ ಕೂಗು ಕೇಳಿಯೂ ಎದ್ದು ಬಾರದವಳು ಎಂದು ಅವನೂ ನಂಬಿದನಲ್ಲಾ ಎಂಬ ಸಂಕಟ ಅವಳನ್ನು ತಿನ್ನತೊಡಗಿತು.

ಮರುದಿನ ಅವಳು ನೇರವಾಗಿ ಮೇಸ್ತ್ರಿಯ ಮುಂದೆ ನಿಂತಳು. “ನನ್ನ ಕಿವಿ ಪರೀಕ್ಷೆ ಮಾಡಿ” ಎಂದಳು.

ಆ ಶೆಡ್ಡಿನಲ್ಲಿ ಕಿವಿಯ ಪರೀಕ್ಷೆಗೆ ಒಂದು ಪದ್ಧತಿ ಇದೆ. ಹೊಸಬರು ಕೆಲಸಕ್ಕೆ ಬಂದಾಗಲೂ ಅದನ್ನೇ ಮಾಡುತ್ತಾರೆ. ಎಲ್ಲ ಮಗ್ಗಗಳನ್ನೂ ಓಡಿಸಿ, ಮೇಸ್ತ್ರಿ ಒಂದು ತುದಿಯಲ್ಲಿ ನಿಂತು ಕೂಗುತ್ತಾರೆ. ಇನ್ನೊಂದು ತುದಿಯಲ್ಲಿ ನಿಂತವರು ಅವರು ಹೇಳಿದ್ದನ್ನು ಹಾಗೇ ತಿರುಗಿ ಹೇಳಬೇಕು. ಹೇಳಿದರೆ ಕಿವಿ ಗಟ್ಟಿ. ಇಷ್ಟು ಗದ್ದಲದಲ್ಲಿ ಕೇಳಿಸಿದವರಿಗೆ ಇನ್ನೆಲ್ಲಿ ಕೇಳಿಸುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕವೇನೋ ನೋಡಲು ಸರಿಯಾಗೇ ಇದೆ. ಮೇಸ್ತ್ರಿ ದಾರದ ಬಣ್ಣ ಕೂಗಿದರು, ಮಗ್ಗದ ನಂಬರು ಕೂಗಿದರು, ಕೊನೆಗೆ ತಮಾಷೆಗೆ ತಮ್ಮ ಹೆಂಡತಿಯ ಬೈಗುಳವನ್ನೂ ಕೂಗಿದರು. ಅವಳು ಒಂದನ್ನೂ ಬಿಡದೆ ತಿರುಗಿ ಹೇಳಿದಳು.

“ನಿನಗೆ ಕಿವಿ ಕೆಟ್ಟಿದೆ ಅಂದ್ರೆ ನಮಗೆಲ್ಲ ಕಿವಿಯೇ ಇಲ್ಲ ಅಂತಾಯ್ತು, ಹೋಗು ಹೋಗು” ಎಂದು ಅಕ್ಕಪಕ್ಕದ ಹೆಂಗಸರು ನಕ್ಕರು.

ಅವಳಿಗೆ ನಗು ಬರಲಿಲ್ಲ. ತಾನು ತಪ್ಪಿತಸ್ಥೆ ಎಂದು ತಾನೇ ಸಾಕ್ಷಿ ಹೇಳಿಬಂದ ಹಾಗಾಯಿತು. ಮನೆಗೆ ನಡೆಯುವಾಗ ಒಂದು ಕೆಟ್ಟ ಯೋಚನೆಯೂ ಬಂತು. ನನಗೇ ಗೊತ್ತಾಗದ ಹಾಗೆ ನಾನು ಬೇಕೆಂದೇ ಹೀಗೆ ಮಾಡುತ್ತಿದ್ದೇನೆಯೇ? ಅತ್ತೆಯ ಮೇಲಿನ ಸಿಟ್ಟು ನನ್ನ ಕಿವಿ ಮುಚ್ಚಿಸುತ್ತಿದೆಯೇ?

ಆದರೆ ಮಗಳ ಮಾತೂ ಕೇಳಿಸುತ್ತಿರಲಿಲ್ಲವಲ್ಲ. ಮಗಳ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಅಷ್ಟು ಹೊಳೆದದ್ದೇ ತಡ, ಅವಳು ಗಟ್ಟಿಯಾದಳು. ಮನೆಗೆ ಹೋದವಳೇ ಗಂಡನ ಎದುರು ನಿಂತಳು.

“ರೀ, ನಾನು ಸುಳ್ಳು ಹೇಳ್ತಿಲ್ಲ. ಇದು ಏನೋ ಒಂದು ಕಾಯಿಲೆ. ಅದೇನು ಅಂತ ಗೊತ್ತಾಗೋ ತನಕ ನಾನು ಬಿಡಲ್ಲ. ನೀವು ಬರದೇ ಇದ್ರೂ ಪರವಾಗಿಲ್ಲ, ಒಬ್ಬಳೇ ಹೋಗ್ತೀನಿ.”

ಒಬ್ಬಳೇ ಹೋದಳು. ಬೀದಿ ತುದಿಯ ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಗುಗ್ಗೆ ಇಲ್ಲ, ಕೀವು ಇಲ್ಲ, ತಮಟೆ ತೂತಾಗಿಲ್ಲ. “ಕಿವಿ ಕನ್ನಡಿ ಹಾಗಿದೆ. ಸರಿಯಾಗಿ ನಿದ್ದೆ ಮಾಡಿ” ಎಂದರು. ಅವರು ಕಂಡದ್ದನ್ನು ಕಂಡ ಹಾಗೇ ಹೇಳಿದರು, ಅವರ ತಪ್ಪೇನಿಲ್ಲ. ಆದರೆ ಅವರ ಬೆಳಕು ತಮಟೆಯವರೆಗೆ ಮಾತ್ರ ಹೋಗುತ್ತದೆ. ಅದರ ಹಿಂದೆ, ಕಿವಿಯ ನಡುಭಾಗದಲ್ಲಿ ಏನಾಗಿದೆ ಎಂಬುದು ಹಾಗೆ ಕಾಣಿಸುವುದಿಲ್ಲ. ಇನ್ನೊಬ್ಬ ಡಾಕ್ಟರು ಕಿವಿಗೆ ಬಿಡಲು ಔಷಧಿ ಬರೆದುಕೊಟ್ಟರು. ಗುಣ ಕಾಣಲಿಲ್ಲ. ಪಕ್ಕದ ಮನೆಯವಳು ಎಣ್ಣೆ ಬಿಸಿ ಮಾಡಿ ಬಿಡಲು ಹೇಳಿದಳು. ಆ ಪಕ್ಕದ ಮನೆಯವಳು ನಾನೇ. ನನಗೆ ಗೊತ್ತಿದ್ದದ್ದು ಅಷ್ಟೇ. ಪುಣ್ಯಕ್ಕೆ ಅವಳು ನನ್ನ ಮಾತು ಕೇಳಲಿಲ್ಲ.

ಅಷ್ಟರಲ್ಲಿ ಅತ್ತೆಯ ಕೈ ಮತ್ತು ಸಕ್ಕರೆ ಕಾಯಿಲೆ ನೋಡಿಕೊಂಡು ಹೋಗಲು ಆಸ್ಪತ್ರೆಯ ನರ್ಸು ಮನೆಗೆ ಬಂದರು. ನಡುವಯಸ್ಸಿನವರು, ಮಾತು ಕಡಿಮೆ. ಬೆರಳುಗಳನ್ನು ಅಲುಗಿಸಿ ನೋಡಿ, ಬೆನ್ನು ಹಾಕಿ ನಿಂತಿದ್ದ ಸೊಸೆಗೆ, “ಒಂದು ಬಟ್ಟಲಲ್ಲಿ ಬಿಸಿನೀರು ಕೊಡ್ತೀರಾ?” ಎಂದರು. ಸೊಸೆ ತಿರುಗಲಿಲ್ಲ.

“ನೋಡಿದ್ರಾ ಸಿಸ್ಟರಮ್ಮಾ?” ಎಂದರು ಅತ್ತೆ, ಇದಕ್ಕೇ ಕಾಯುತ್ತಿದ್ದವರ ಹಾಗೆ.

ಅದೇ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಮಿಕ್ಸಿ ಗರ್ರೆಂದಿತು. ಆ ಸದ್ದಿನ ಮೇಲೆ ಕೇಳಿಸಲೆಂದು ನರ್ಸು ದನಿ ಎತ್ತಿ ಅದೇ ಮಾತು ಹೇಳಿದರು. ಸೊಸೆ ಕೂಡಲೇ ತಿರುಗಿ, “ಈಗ್ಲೇ ತರ್ತೀನಿ ಸಿಸ್ಟರ್” ಎಂದು ಒಳಗೆ ಹೋದಳು.

“ಈಗ ಹೇಗೆ ಕೇಳಿಸ್ತು? ಜಾಣಕಿವುಡು ಅನ್ನೋದು ಇದಕ್ಕೇ” ಎಂದರು ಅತ್ತೆ.

ನರ್ಸು ಅತ್ತೆಯ ಕೈ ಬಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕುಳಿತರು. “ಅಮ್ಮಾ, ಇವರಿಗೆ ಯಾವಾಗ ಕೇಳುತ್ತೆ, ಯಾವಾಗ ಕೇಳಲ್ಲ? ಸ್ವಲ್ಪ ಬಿಡಿಸಿ ಹೇಳಿ.”

ಹೀಗೆ ಕೇಳುವವರು ಸಿಕ್ಕರೆ ಯಾವ ಅತ್ತೆ ತಾನೇ ಬಿಟ್ಟಾರು? ದೂರುಗಳ ಮೂಟೆಯೇ ಬಿಚ್ಚಿತು. ಮೊಮ್ಮಗಳು ಹುಟ್ಟಿದಾಗಿನಿಂದ ಶುರುವಾದ ಚಾಳಿ ಇದು. ಶೆಡ್ಡಿನಲ್ಲಿ ಕೇಳುತ್ತದೆ, ಬಸ್ಸಿನಲ್ಲಿ ಕೇಳುತ್ತದೆ, ಮಿಕ್ಸಿ ಓಡುವಾಗ ಕೇಳುತ್ತದೆ. ಮನೆ ತಣ್ಣಗಿದ್ದರೆ ಕೇಳುವುದಿಲ್ಲ. ಊಟಕ್ಕೆ ಕುಳಿತು ಬಾಯಿಗೆ ತುತ್ತು ಹೋದರಂತೂ ಸುತರಾಂ ಕೇಳುವುದಿಲ್ಲ. ಮಾತಾಡಿದರೆ ಗುಟ್ಟು ಹೇಳುವ ಹಾಗೆ ಪಿಸಪಿಸ.

“ಅಮ್ಮಾ, ಇದನ್ನೇ ನಮ್ಮ ಆಸ್ಪತ್ರೆಯಲ್ಲಿ ಇನ್ನೊಬ್ಬರ ಮನೆಯವರೂ ಹೇಳಿದ್ರು. ಅವರು ನಾಟಕ ಆಡ್ತಿರ್ಲಿಲ್ಲ. ಅವರ ಕಿವಿಯೊಳಗೆ ತೊಂದರೆ ಇತ್ತು” ಎಂದರು ನರ್ಸು.

“ಗದ್ದಲದಲ್ಲಿ ಕೇಳುತ್ತೆ, ತಣ್ಣಗಿದ್ರೆ ಕೇಳಲ್ಲ. ಅಂಥ ಕಾಯಿಲೆನೂ ಇರುತ್ತಾ? ಯಾರಿಗೆ ಹೇಳ್ತೀರಿ.”

“ನಾನು ಡಾಕ್ಟರಲ್ಲ, ಖಚಿತವಾಗಿ ಹೇಳೋಕಾಗಲ್ಲ. ದೊಡ್ಡಾಸ್ಪತ್ರೆಯಲ್ಲಿ ಕಿವಿ ಮೂಗು ಗಂಟಲಿನ ವಿಭಾಗ ಇದೆ. ಅಲ್ಲಿ ಕಿವಿ ಎಷ್ಟು ಕೇಳುತ್ತೆ ಅಂತ ಯಂತ್ರ ಇಟ್ಟು ನೋಡ್ತಾರೆ. ನೀವೂ ಜೊತೇಲಿ ಹೋಗಿ. ಈಗ ನನ್ನ ಹತ್ರ ಹೇಳಿದ್ದನ್ನೆಲ್ಲ ಅಲ್ಲೂ ಹೇಳಿ. ಒಂದೂ ಬಿಡಬೇಡಿ.”

“ಹೇಳ್ತೀನಿ. ಯಾಕೆ ಬಿಡ್ಲಿ?” ಎಂದರು ಅತ್ತೆ. ಸೊಸೆಯ ನಾಟಕ ದೊಡ್ಡ ಡಾಕ್ಟರ ಮುಂದೆಯೇ ಬಯಲಾಗಲಿ ಎಂಬುದು ಅವರ ಆಸೆ. ಸೊಸೆಯೂ ಹಿಂಜರಿಯಲಿಲ್ಲ. “ಬನ್ನಿ ಅತ್ತೆ, ನೀವೇ ಹೇಳಿ. ಏನಿದ್ರೂ ಅಲ್ಲೇ ತೀರ್ಮಾನ ಆಗ್ಲಿ” ಎಂದಳು. ಒಬ್ಬರು ತಪ್ಪು ಹಿಡಿಸಲು, ಒಬ್ಬರು ತಪ್ಪಿಲ್ಲವೆಂದು ತೋರಿಸಲು, ಇಬ್ಬರೂ ಒಂದೇ ಬಸ್ಸು ಹತ್ತಿದರು.

ದೊಡ್ಡಾಸ್ಪತ್ರೆಯ ಡಾಕ್ಟರು ಒಬ್ಬ ಹೆಂಗಸು. ಅತ್ತೆ ಪ್ಲಾಸ್ಟರ್ ಹಾಕಿದ ಕೈಯನ್ನು ಮೇಜಿನ ಮೇಲಿಟ್ಟು ಶುರು ಮಾಡಿದರು. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಊಟದ ಹೊತ್ತಿನ ಮಾತು ಬಂದಾಗ ಬರೆಯುವುದನ್ನು ನಿಲ್ಲಿಸಿ, “ಇನ್ನೊಂದ್ಸಲ ಹೇಳಿ” ಎಂದರು. ತಮ್ಮ ಮಾತಿಗೆ ಇಷ್ಟು ಬೆಲೆ ಸಿಕ್ಕಿದ್ದು ಕಂಡು ಅತ್ತೆ ಇನ್ನಷ್ಟು ಹುರುಪಿನಿಂದ ಹೇಳಿದರು.

ಆಮೇಲೆ ಡಾಕ್ಟರು ಎರಡು ಕವಲಿನ ಒಂದು ಲೋಹದ ಕಡ್ಡಿ ತೆಗೆದು, ಅದನ್ನು ತಟ್ಟಿ ಸೊಸೆಯ ಕಿವಿಯ ಮುಂದೆ ಹಿಡಿದರು. “ತುಂಬಾ ಸಣ್ಣಗೆ ಕೇಳ್ತಿದೆ” ಎಂದಳು ಅವಳು. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಇಟ್ಟರು. ಅವಳ ಕಣ್ಣು ಅರಳಿತು. “ಈಗ ಚೆನ್ನಾಗಿ ಕೇಳ್ತಿದೆ.”

ಅಲ್ಲಿಂದ ಅವಳನ್ನು ಹೊರಗಿನ ಸದ್ದು ಬಾರದ ಸಣ್ಣ ಕೋಣೆಗೆ ಕಳಿಸಿದರು. ಕಿವಿಗೂ, ಕಿವಿಯ ಹಿಂದಿನ ಮೂಳೆಗೂ ಬೇರೆ ಬೇರೆಯಾಗಿ ಯಂತ್ರ ಇಟ್ಟು ಪರೀಕ್ಷೆ ಮಾಡಿದರು. ಕಿವಿಗೆ ರಬ್ಬರಿನ ಬಿರಡೆ ಇಟ್ಟು, ಗಾಳಿಯ ಒತ್ತಡ ಕೊಟ್ಟು ಒಳಗಿನ ಅಲುಗಾಟವನ್ನೂ ಅಳೆದರು. ಯಾವುದೂ ನೋಯಲಿಲ್ಲ. ಎಲ್ಲ ಮುಗಿದ ಮೇಲೆ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು, ಸೊಸೆಯ ಕಡೆ ಮುಖ ಮಾಡಿ, ಸ್ವಲ್ಪ ಗಟ್ಟಿಯಾಗಿ ಮಾತಾಡಿದರು.

“ಕಿವಿ ತಮಟೆಯ ಹಿಂದೆ ಮೂರು ಪುಟ್ಟ ಮೂಳೆ ಇವೆ. ಸದ್ದು ಬಂದಾಗ ಅವು ಅಲುಗಬೇಕು. ಆಗಲೇ ಸದ್ದು ಒಳಗಿವಿಗೆ ಹೋಗೋದು. ನಿಮಗೆ ಅದರಲ್ಲಿ ಕೊನೇ ಮೂಳೆ ಬಿಗಿದುಕೊಂಡಿದೆ. ಅಕ್ಕಿಕಾಳಿಗಿಂತ ಚಿಕ್ಕದು ಅದು. ತಮಟೆ ಚೆನ್ನಾಗೇ ಇರೋದ್ರಿಂದ ಹೊರಗಿಂದ ನೋಡಿದ್ರೆ ಏನೂ ಕಾಣಲ್ಲ. ಕೆಲವು ಹೆಂಗಸರಿಗೆ ಹೆರಿಗೆ ಆದ್ಮೇಲೆ ಇದು ಹೆಚ್ಚಾಗಬಹುದು.”

“ಹಾಗಾದ್ರೆ ಶೆಡ್ಡಲ್ಲಿ ಹೇಗೆ ಕೇಳುತ್ತೆ?” ಅತ್ತೆ ಪಟ್ಟು ಬಿಡಲಿಲ್ಲ.

“ಗದ್ದಲ ಇದ್ದಾಗ ನಾವೆಲ್ಲ ಕೂಗಿ ಮಾತಾಡ್ತೀವಿ ಅಲ್ವಾಮ್ಮಾ? ಗದ್ದಲ ನಮಗೆ ಅಡ್ಡ ಬರೋ ಅಷ್ಟು ಇವರಿಗೆ ಅಡ್ಡ ಬರಲ್ಲ, ಅದು ಒಳಗೆ ಹೋಗೋದೇ ಕಡಿಮೆ. ಆದ್ರೆ ನಮ್ಮ ಕೂಗು ಇವರಿಗೆ ಸಿಗುತ್ತೆ. ಇನ್ನು ತಮ್ಮ ದನಿ, ತಾವು ಅಗಿಯೋ ಸದ್ದು ಇವರ ತಲೆಯೊಳಗೇ ಜೋರಾಗಿ ಕೇಳುತ್ತೆ. ಅದಕ್ಕೇ ಮೆತ್ತಗೆ ಮಾತಾಡ್ತಾರೆ, ಅದಕ್ಕೇ ಊಟದ ಹೊತ್ತಲ್ಲಿ ಬೇರೆ ಏನೂ ಕೇಳಲ್ಲ. ನೀವು ಇಷ್ಟು ಸರಿಯಾಗಿ ಗಮನಿಸಿ ಹೇಳಿದ್ದು ನನಗೆ ಬಹಳ ಉಪಯೋಗ ಆಯ್ತು.”

ಅತ್ತೆ ಅಷ್ಟು ವರ್ಷ ಕೂಡಿಟ್ಟ ದೂರುಗಳೆಲ್ಲ ಒಂದೂ ಬಿಡದೆ ಸೊಸೆಯ ಪರವಾಗಿ ನಿಂತಿದ್ದವು.

“ನಿಮ್ಮ ತವರಲ್ಲಿ ಯಾರಿಗಾದ್ರೂ ಹೀಗಿತ್ತಾ? ಇದು ಕೆಲವು ಮನೆತನಗಳಲ್ಲಿ ಹರಿದು ಬರುತ್ತೆ” ಎಂದು ಡಾಕ್ಟರು ಸೊಸೆಯನ್ನು ಕೇಳಿದರು.

“ನಮ್ಮಮ್ಮ” ಎಂದಳು ಸೊಸೆ. “ಅಮ್ಮ ಕರೆದ್ರೆ ಓಗೊಡ್ತಿರ್ಲಿಲ್ಲ. ಮಾತೂ ಹೀಗೇ, ಮೆತ್ತಗೆ. ನಮ್ಮ ಮನೇಲಿ, ಬೀದೀಲಿ, ಎಲ್ಲರೂ ಅವಳನ್ನ ಗರ್ವದವಳು ಅಂತಿದ್ರು. ಶಾಲೆಯಿಂದ ಬಂದು ನಾನು ಏನೋ ಹೇಳೋಕೆ ಹೋದ್ರೆ ಒಲೆ ಕಡೆ ತಿರುಗಿಕೊಂಡೇ ಇರ್ತಿದ್ಲು. ನನ್ನ ಕಂಡ್ರೆ ಅವಳಿಗೆ ಇಷ್ಟ ಇಲ್ಲ ಅಂದ್ಕೊಂಡೇ ನಾನು ಬೆಳೆದೆ. ಅವಳು ಹೋಗಿ ಬಹಳ ವರ್ಷ ಆಯ್ತು.” ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅತ್ತೆ ತಮ್ಮ ಎಡಗೈಯನ್ನು ಅವಳ ಬೆನ್ನ ಮೇಲೆ ಇಟ್ಟರು. ಆಮೇಲೆ ಡಾಕ್ಟರ ಕಡೆ ತಿರುಗಿದರು. “ಇವಳಿಗೊಬ್ಬಳು ಮಗಳಿದ್ದಾಳೆ. ಅವಳನ್ನೂ ನೋಡ್ತೀರಾ?”

“ಇದ್ದೇ ಇರುತ್ತೆ ಅಂತಲ್ಲ, ಹೆದರಬೇಡಿ. ಆದ್ರೂ ಕರೆದುಕೊಂಡು ಬನ್ನಿ, ಒಂದು ಸಲ ಪರೀಕ್ಷೆ ಮಾಡಿಡೋಣ” ಎಂದರು ಡಾಕ್ಟರು.

ಚಿಕಿತ್ಸೆಗೆ ಎರಡು ದಾರಿ ಎಂದರು. ಒಂದು, ಕಿವಿಗೆ ಹಾಕುವ ಶ್ರವಣ ಯಂತ್ರ. ಇನ್ನೊಂದು, ಬಿಗಿದ ಮೂಳೆಯ ಕೆಲಸವನ್ನು ಮಾಡಲು ಒಂದು ಪುಟ್ಟ ಭಾಗ ಕೂರಿಸುವ ಶಸ್ತ್ರಚಿಕಿತ್ಸೆ. ಅದರಿಂದ ಆಗುವ ಒಳ್ಳೆಯದನ್ನೂ, ಅಪರೂಪಕ್ಕೆ ಆಗಬಹುದಾದ ತೊಂದರೆಯನ್ನೂ ಮುಚ್ಚಿಡದೆ ಹೇಳಿದರು. ಸೊಸೆ ಸದ್ಯಕ್ಕೆ ಯಂತ್ರ ಸಾಕು ಎಂದಳು. “ಒಳಗಿನ ಗುಂಯ್ ಸದ್ದು?” ಎಂದು ಕೇಳಿದಳು. “ಕಡಿಮೆ ಆಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡೋಕಾಗಲ್ಲ. ಅದರ ಜೊತೆ ಬದುಕೋದನ್ನ ನಾವು ಹೇಳಿಕೊಡ್ತೀವಿ” ಎಂದರು ಡಾಕ್ಟರು.

ಹಿಂದಿರುಗುವಾಗ ಬಸ್ಸು ಹಳೆಯದು, ಎಂಜಿನ್ ಸದ್ದು ಕಿವಿಗಡಚಿಕ್ಕುವಂಥದ್ದು. ಅತ್ತೆಗೆ ಹೇಳಬೇಕಾದ್ದನ್ನು ಮನೆಯವರೆಗೆ ಇಟ್ಟುಕೊಳ್ಳಲು ಆಗಲಿಲ್ಲ. ಆ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು. “ಬಿದ್ದ ದಿನ ನೀನು ಕೇಳಿಸ್ಲಿಲ್ಲ ಅಂದೆ. ನಾನು ನಂಬಲಿಲ್ಲ. ನಂದು ತಪ್ಪಾಯ್ತು ಕಣಮ್ಮಾ” ಎಂದರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೊಸೆಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಅವಳು ಅತ್ತೆಯ ಪ್ಲಾಸ್ಟರ್ ಕೈ ಬಸ್ಸಿನ ಕುಲುಕಾಟಕ್ಕೆ ತಾಗದ ಹಾಗೆ ತನ್ನ ಮಡಿಲಿಗೆ ತೆಗೆದುಕೊಂಡಳು.

ಮನೆಯಲ್ಲಿ ವಿಷಯ ತಿಳಿದ ಗಂಡ ಮಾಡುತ್ತಿದ್ದ ರಿಪೇರಿ ಬಿಟ್ಟು ಎದ್ದುಬಂದ. “ನಾನಾದ್ರೂ ನಿನ್ನ ಜೊತೆ ಬರಬೇಕಿತ್ತು” ಎಂದ. “ಬರಬೇಕಿತ್ತು” ಎಂದಳು ಅವಳು. ಅಷ್ಟು ಮಾತ್ರ ಹೇಳಿದಳು, ಸಾಕಾಗಿತ್ತು. ಯಂತ್ರ ಸಿಕ್ಕ ದಿನ ಅವನೇ ಜೊತೆಗೆ ಹೋಗಿ, ಅದನ್ನು ಹಾಕುವುದು, ಒರೆಸುವುದು, ಸೆಲ್ ಬದಲಿಸುವುದು ಎಲ್ಲವನ್ನೂ ಕಲಿತು ಬಂದ.

ಮೊದಮೊದಲು ನಲ್ಲಿಯ ಹನಿ, ಪಾತ್ರೆಯ ಸದ್ದು, ಕಾಗದ ಸರಿಯುವುದು ಎಲ್ಲ ಅವಳಿಗೆ ಕಿರಿಕಿರಿ. ತೆಗೆದಿಟ್ಟುಬಿಡೋಣ ಎನ್ನಿಸಿತು. ಆದರೆ ಹಟ ಹಿಡಿದು ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿ ಮಾಡಿಕೊಂಡಳು. ಹೊರಗಿನ ಸದ್ದು ಒಳಗೆ ಬರತೊಡಗಿದ ಮೇಲೆ ಒಳಗಿನ ಗುಂಯ್ ಹಿಂದಕ್ಕೆ ಸರಿಯಿತು. ಹೋಗಿಲ್ಲ, ಈಗಲೂ ಇದೆ. ಮಲಗುವಾಗ ಫ್ಯಾನನ್ನು ನಿಧಾನಕ್ಕೆ ಓಡಿಸಿಕೊಳ್ಳುತ್ತಾಳೆ, ತೀರಾ ಮೌನದಲ್ಲಿ ಮಲಗುವುದಿಲ್ಲ. ಸದ್ದು ಹೆಚ್ಚಾದ ದಿನ ಹೆದರಿ ಕೂರದೆ ಒಂದು ಕೆಲಸ ಹಿಡಿಯುತ್ತಾಳೆ. ಶೆಡ್ಡಿನಲ್ಲಿ ಯಂತ್ರ ತೆಗೆದಿಟ್ಟು, ಸದ್ದು ತಡೆಯುವ ಕಿವಿಕಾಪು ಹಾಕಿಕೊಳ್ಳುತ್ತಾಳೆ. ಮಗ್ಗದ ಗದ್ದಲ ಒಳಗಿವಿಯನ್ನೇ ಕೆಡಿಸುತ್ತದೆ, ಅಲ್ಲಿ ಕೆಟ್ಟರೆ ಸರಿಪಡಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನಕ್ಕಿದ್ದ ಹೆಂಗಸರಿಗೂ ಅವಳು ಬಿಡದೆ ಹೇಳಿ ಹೇಳಿ ಕಿವಿಕಾಪು ಹಾಕಿಸಿದ್ದಾಳೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅತ್ತೆ ಮಾಡಿದ ಮೊದಲ ಕೆಲಸ, ಮೊಮ್ಮಗಳ ಕೈ ಹಿಡಿದು ದೊಡ್ಡಾಸ್ಪತ್ರೆಗೆ ಹೋದದ್ದು. ಹುಡುಗಿಯ ಕಿವಿ ಈಗ ಚೆನ್ನಾಗಿದೆ. ಮುಂದೆಯೂ ಆಗಾಗ ಪರೀಕ್ಷೆ ಮಾಡಿಸುತ್ತಾರಂತೆ. “ನಾಳೆ ಇವಳು ಯಾರ ಮನೆಗೋ ಹೋಗ್ತಾಳೆ, ಎಲ್ಲೋ ಕೆಲಸ ಮಾಡ್ತಾಳೆ. ಇವಳಿಗೆ ಯಾರೂ ಹಾಗೆ ಹೆಸರಿಡಬಾರದು” ಎಂದು ಅತ್ತೆ ನನ್ನ ಮುಂದೆಯೇ ಹೇಳಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಿವಿಯಲ್ಲಿ ಬಿಡದೆ ಸದ್ದು ಬರುತ್ತಿದ್ದರೆ ವಯಸ್ಸಾಯಿತು, ಕೆಲಸದ ಆಯಾಸ ಎಂದು ತಳ್ಳಿಹಾಕಬೇಡಿ. ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ಒಬ್ಬ ಡಾಕ್ಟರು ಏನೂ ಇಲ್ಲವೆಂದರೂ ತೊಂದರೆ ಉಳಿದಿದ್ದರೆ, ಕಿವಿಯ ತಜ್ಞರ ಹತ್ತಿರ ಹೋಗಿ, ಕೇಳುವ ಶಕ್ತಿಯ ಪರೀಕ್ಷೆ ಮಾಡಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಯಾವಾಗ ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಎಂದು ಹೇಳಲು ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರು ನಿಮ್ಮ ಮೇಲೆ ಸಿಟ್ಟಾಗಿದ್ದರೂ ಸರಿಯೇ. ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದರೆ, ತಲೆ ಸುತ್ತು ಬಂದರೆ, ಕೀವು ಅಥವಾ ರಕ್ತ ಸೋರಿದರೆ, ಮುಖ ವಾಲಿದರೆ ಅದೇ ದಿನ ಆಸ್ಪತ್ರೆಗೆ ಓಡಿ. ಒಂದೇ ಕಿವಿಯಲ್ಲಿ ಸದ್ದು ಬರುತ್ತಿದ್ದರೆ, ಅಥವಾ ನಾಡಿಯ ಜೊತೆ ಡಬ್ ಡಬ್ ಎಂದು ಬಡಿಯುತ್ತಿದ್ದರೆ ತಡಮಾಡದೆ ತೋರಿಸಿ.

ಆ ಸೊಸೆಯ ತಾಯಿಗೆ ಇನ್ನು ಯಾರೂ ಪರೀಕ್ಷೆ ಮಾಡಲಾರರು. ಗರ್ವದವಳು ಎಂಬ ಹೆಸರು ಹೊತ್ತುಕೊಂಡೇ ಅವರು ಹೋದರು, ಅವರು ಇರುವ ತನಕ ಮಗಳಿಗೂ ಅದು ಸುಳ್ಳೆಂದು ಗೊತ್ತಾಗಲಿಲ್ಲ. ಕರೆದರೆ ಓಗೊಡದ ನಿಮ್ಮ ಮನೆಯವರು ಇನ್ನೂ ಇದ್ದಾರೆ. ಈ ವಾರವೇ ಕರೆದುಕೊಂಡು ಹೋಗಿ.